ಹರಿಗೋಲಿನ ದಾರಿ

ನಾಡನ್ನು ನೋಡುವ ಬಗೆಗಳು ಹಲವು. ರೈಲುಬಂಡಿಯ ಕಿಟಕಿಯಿಂದ ನೋಡುವವನಿಗೆ ನಾಡೆಂಬುದು ಓಡುವ ಚಿತ್ರ. ಮೋಟಾರಿನಲ್ಲಿ ಕುಳಿತವನಿಗೆ ಅದು ಮೈಲುಗಲ್ಲುಗಳ ಲೆಕ್ಕ. ಕಾಲ್ನಡಿಗೆಯವನಿಗೆ ಅದು ಊರಿಂದೂರಿಗೆ ಬದಲಾಗುವ ಮಾತಿನ ಸೊಗಡು ಮತ್ತು ರೊಟ್ಟಿಯ ರುಚಿ. ಆದರೆ ನದಿಯ ಮೇಲೆ ಕುಳಿತು, ನದಿಯ ವೇಗದಲ್ಲಿಯೇ ಸಾಗಿ, ಊರುಗಳನ್ನು ಅವುಗಳ ಹಿತ್ತಿಲ ಕಡೆಯಿಂದ ಕಂಡವರು ನಮ್ಮಲ್ಲಿ ಬಹು ವಿರಳ. ಬಾದಾಮಿ, ಹುನಗುಂದಗಳ ಸೀಮೆಯನ್ನು ಒಮ್ಮೆ ಹಾಗೆ ನೋಡುವ ಭಾಗ್ಯವು ನನಗೆ ಲಭಿಸಿತ್ತು. ಆ ನೆನಪುಗಳನ್ನು ಇಂದು ವಾಚಕರ ಮುಂದಿಡುವುದಕ್ಕೆ ಹಳೆಯ ಕಾಲದ ಮೋಹವೊಂದೇ ಕಾರಣವಲ್ಲ. ಅಂದು ಆ ನೀರಿನ ದಾರಿಯಲ್ಲಿ ಕಂಡ ಜನರಿಗೆ ನಾವು ತೀರಿಸದೆ ಉಳಿಸಿಕೊಂಡ ಋಣವೊಂದುಂಟು. ಅದನ್ನು ಹೇಳದೆ ವಿಧಿಯಿಲ್ಲ.

ಅನ್ಯದೇಶಗಳಲ್ಲಿ ಇಂತಹ ಪ್ರವಾಸಗಳಿಗೆ ದೊಡ್ಡ ಗೌರವವುಂಟು. ಕೆನಡಾ ದೇಶದ ಮೂಲನಿವಾಸಿಗಳು ಭೂರ್ಜವೃಕ್ಷದ ತೊಗಟೆಯಿಂದ ‘ಕನೂ’ ಎಂಬ ಹಗುರಾದ ದೋಣಿಯನ್ನು ಕಟ್ಟಿ, ನದಿ ಸರೋವರಗಳ ಮಾರ್ಗವಾಗಿ ಮಹಾರಣ್ಯಗಳನ್ನು ದಾಟುತ್ತಿದ್ದರು. ಜಲಪಾತವೋ ಬಂಡೆಗಳೋ ಅಡ್ಡಬಂದಲ್ಲಿ ದೋಣಿಯನ್ನೇ ಹೊತ್ತುಕೊಂಡು ನಡೆಯುತ್ತಿದ್ದರು. ಯುರೋಪಿನಿಂದ ಬಂದ ತುಪ್ಪಳದ ವರ್ತಕರು ಈ ವಿದ್ಯೆಯನ್ನು ಅವರಿಂದಲೇ ಕಲಿತರು. ಇಂದಿಗೂ ಅಲ್ಲಿಯ ತರುಣರು ವಾರಗಟ್ಟಲೆ ಕಾಡಿನ ನದಿಗಳಲ್ಲಿ ಸಂಚರಿಸಿ, ತಾವು ಕಂಡದ್ದನ್ನು ಬರೆದಿಡುವರು.

ನಮ್ಮ ಹರಿಗೋಲಿನ ಬಳಗವೂ ಸಣ್ಣದಲ್ಲ. ಕ್ರಿಸ್ತಪೂರ್ವ ಐದನೆಯ ಶತಮಾನದ ಗ್ರೀಕ ಇತಿಹಾಸಕಾರ ಹೆರೊಡೋಟಸನು ಬ್ಯಾಬಿಲೋನಿಗೆ ಬರುತ್ತಿದ್ದ ದುಂಡನೆಯ ಚರ್ಮದ ದೋಣಿಗಳನ್ನು ವರ್ಣಿಸಿದ್ದಾನೆ. ಪ್ರತಿಯೊಂದು ದೋಣಿಯಲ್ಲಿಯೂ ಒಂದು ಕತ್ತೆಯಿರುತ್ತಿತ್ತಂತೆ. ಊರು ಮುಟ್ಟಿ ಸರಕನ್ನು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಿಂದ ಹಿಂದಿರುಗುತ್ತಿದ್ದರಂತೆ. ೧೫೨೦ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ತುಗೀಜ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ, ಅವು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆಂದೂ ಸದಾ ತಿರುಗುತ್ತಲೇ ಸಾಗುತ್ತವೆಂದೂ ಬರೆದಿದ್ದಾನೆ. ೧೮೦೦ರಲ್ಲಿ ಧೋಂಡಿಯಾ ವಾಘನ ಬೆನ್ನುಹತ್ತಿದ ಆಂಗ್ಲ ಸೇನಾನಿ ವೆಲ್ಲೆಸ್ಲಿಯೂ ತುಂಬಿದ ಮಲಪ್ರಭೆಯ ಮುಂದೆ ನಿಂತು ಇಂತಹ ಬುಟ್ಟಿದೋಣಿಗಳನ್ನೇ ಆಶ್ರಯಿಸಬೇಕಾಯಿತು.

ಬಿದಿರಿನ ಸೀಳುಗಳಿಂದ ಹೆಣೆದ ದೊಡ್ಡ ಬುಟ್ಟಿಯೇ ಹರಿಗೋಲು. ಹೊರಮೈಗೆ ಹಿಂದೆ ಚರ್ಮವನ್ನು ಹೊದಿಸುತ್ತಿದ್ದರು. ತರುವಾಯ ಡಾಂಬರು ಬಳಿದ ಬಟ್ಟೆ ಬಂದಿತು. ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದಕ್ಕೆ ಮುಂದೆಂಬುದಿಲ್ಲ, ಹಿಂದೆಂಬುದಿಲ್ಲ. ಅರಿಯದವನು ಹುಟ್ಟು ಹಾಕಿದರೆ ನಿಂತಲ್ಲಿಯೇ ಬುಗುರಿಯಂತೆ ತಿರುಗುವುದು. ಅರಿತವನು ತನ್ನ ಮುಂದಿನ ನೀರನ್ನು ಎಡಬಲಕ್ಕೆ ಸೀಳಿ ತನ್ನೆಡೆಗೆ ಸೆಳೆದುಕೊಂಡರೆ ವಿಧೇಯವಾದ ಎತ್ತಿನಂತೆ ಸಾಗುವುದು.

ಪಟ್ಟದಕಲ್ಲಿನಿಂದ

೧೯೬೮ನೆಯ ಇಸವಿಯ ಸೀಗಿ ಹುಣ್ಣಿಮೆಗೆ ಎರಡು ದಿನ ಮುಂಚೆ ನಾವಿಬ್ಬರು ವಿದ್ಯಾರ್ಥಿಗಳು ಬಾದಾಮಿಯಿಂದ ಪಟ್ಟದಕಲ್ಲಿಗೆ ಬಂದಿಳಿದೆವು. ನನ್ನ ಜೊತೆಗಾರನು ಇಳಕಲ್ಲಿನ ನೇಕಾರರ ಮನೆಯ ಹುಡುಗ. ಅವನ ಅಕ್ಕನನ್ನು ಕೂಡಲಸಂಗಮದ ಸಮೀಪದ ಹೊಳೆಸಾಲಿನ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಆಕೆಗೆ ತಾಯಿ ಕಳಿಸಿದ ಸೀರೆಯ ಗಂಟೊಂದು ಅವನ ಬಗಲಲ್ಲಿತ್ತು. ನೆಲದ ಮೇಲೆ ದಾರಿಯಿರಲಿಲ್ಲವೆಂದಲ್ಲ. ಹುನಗುಂದದ ಮೇಲೆ ಹಾಯ್ದು ಹೋಗಬಹುದಾಗಿತ್ತು. ಆದರೆ ಪಟ್ಟದಕಲ್ಲಿನ ವೃದ್ಧ ಅಂಬಿಗನೊಬ್ಬನು ತಾನು ಕಟ್ಟಿದ ಹೊಸ ಹರಿಗೋಲನ್ನು ಸಂಗಮದ ಕಡೆಯ ತನ್ನ ಅಳಿಯನಿಗೆ ಮುಟ್ಟಿಸಲು ಹೊರಟಿದ್ದಾನೆಂಬ ಸುದ್ದಿ ನಮಗೆ ತಿಳಿದಿತ್ತು. ಇಪ್ಪತ್ತರ ವಯಸ್ಸಿನವರಿಗೆ ಅಷ್ಟು ಸಾಕು. ಅಜ್ಜನು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಈಸಾಕ ಬರತೈತೇನು?” ಎಂದು ಕೇಳಿದನು. ಬರುತ್ತದೆ ಎಂದೆವು. “ಹೊಳಿ ಕೆಳಗ ಒಯ್ತೈತಿ ತಮ್ಮಾ, ಮ್ಯಾಲ ತರೂದಿಲ್ಲ. ತಿರುಗಿ ಬರೂ ದಾರಿ ನೀವ ನೋಡ್ಕೋರಿ” ಎಂದು ಹೇಳಿ ಹುಟ್ಟನ್ನು ಕೈಗೆತ್ತಿಕೊಂಡನು.

ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಪೂರ್ವಕ್ಕೆ ಹರಿಯುವ ಮಲಪ್ರಭೆಯು ಪಟ್ಟದಕಲ್ಲಿನಲ್ಲಿ ಉತ್ತರಾಭಿಮುಖವಾಗುತ್ತಾಳೆ. ಕಿಸುವೊಳಲೆಂದು ಹೆಸರಾಗಿದ್ದ ಈ ಕೆಂಪುಮಣ್ಣಿನ ಊರಿನಲ್ಲಿ ಚಾಲುಕ್ಯ ಅರಸರ ಪಟ್ಟಾಭಿಷೇಕಗಳು ನಡೆದವು. ಕಂಚಿಯನ್ನು ಗೆದ್ದ ಎರಡನೆಯ ವಿಕ್ರಮಾದಿತ್ಯನ ವಿಜಯಸ್ಮಾರಕವಾಗಿ ರಾಣಿ ಲೋಕಮಹಾದೇವಿಯು ಕಟ್ಟಿಸಿದ ವಿರೂಪಾಕ್ಷ ದೇವಾಲಯವನ್ನು ನೂರಾರು ಸಲ ಚಿತ್ರಗಳಲ್ಲಿ ನೋಡಿದ್ದೇವೆ. ಆದರೆ ಹೊಳೆಯ ನಡುವಿನಿಂದ ಹಿಂದಿರುಗಿ ನೋಡಿದಾಗ ಆ ಶಿಖರಗಳು ಒಂದೊಂದಾಗಿ ಜಾಲಿಯ ಮರಗಳ ಹಿಂದೆ ಇಳಿದುಹೋಗುವ ದೃಶ್ಯವು ಬೇರೆಯೇ. ಅರ್ಧ ತಾಸಿನಲ್ಲಿ ಮನುಷ್ಯರ ಸದ್ದು ಅಡಗಿತು. ಕೆಂಪು ಮರಳುಗಲ್ಲಿನ ಗುಡ್ಡಗಳು ಎರಡೂ ಕಡೆಯಿಂದ ಹತ್ತಿರ ಬಂದವು. ಮೀಂಚುಳ್ಳಿಯೊಂದು ನಮ್ಮ ಮುಂದೆ ಮುಂದೆ ಹಾರಿ ಕುಳಿತು, ಮತ್ತೆ ಹಾರಿ, ದಾರಿ ತೋರಿಸುವಂತೆ ನಡೆಯಿತು. ದಂಡೆಯ ಕೆಸರಿನಲ್ಲಿ ನೀರುನಾಯಿಯ ಹೆಜ್ಜೆಗಳನ್ನು ಅಜ್ಜನು ಹುಟ್ಟಿನ ತುದಿಯಿಂದ ತೋರಿಸಿದನು.

ಮಧ್ಯಾಹ್ನದ ಹೊತ್ತಿಗೆ ನೀರಿನ ಮೊರೆತ ಕೇಳಿಸಿತು. ಮುಂದೆ ಬಂಡೆಗಳ ಸಾಲು. ನಮ್ಮ ಕಣ್ಣಿಗೆ ಎಲ್ಲವೂ ಒಂದೇ ಬಿಳಿಯ ನೊರೆಯಾಗಿ ಕಂಡರೆ, ಅಜ್ಜನಿಗೆ ಅಲ್ಲಿ ಓಣಿಗಳಿದ್ದುವು, ಮನೆಗಳಿದ್ದುವು. ಒಂದು ಬಂಡೆಗೆ ಎಮ್ಮೆಯ ಹೆಸರು, ಒಂದಕ್ಕೆ ಮುದುಕಿಯ ಹೆಸರು, ಇನ್ನೊಂದಕ್ಕೆ ಅಲ್ಲಿ ಮುಳುಗಿ ಸತ್ತವನ ಹೆಸರು. ಯಾವ ಕಲ್ಲು ಮುಳುಗಿದರೆ ಎಷ್ಟು ಆಳು ನೀರು, ಯಾವ ಕಲ್ಲು ಕಂಡರೆ ಕಡವು ಬಂದು ಎಂಬುದು ಅವನಿಗೆ ಬಾಯಿಪಾಠವಾಗಿತ್ತು. “ನೀರು ನಕ್ಕಲ್ಲಿ ಕಲ್ಲೈತಿ, ಸುಮ್ಮ ಇದ್ದಲ್ಲಿ ಸುಳಿ ಐತಿ. ನಗೂ ನೀರಿಗೆ ಅಂಜಬ್ಯಾಡ್ರಿ” ಎಂದನು. ಆ ಸಾಲನ್ನು ನೀರಿನ ಮೇಲೆ ದಾಟುವ ಸಾಹಸವನ್ನು ಅವನು ಮಾಡಲಿಲ್ಲ. ದಂಡೆಗೆ ಹಚ್ಚಿ, ಹರಿಗೋಲನ್ನು ಬೋರಲು ಮಾಡಿ ತಲೆಯ ಮೇಲೆ ಹೊತ್ತು, ಎಪ್ಪತ್ತರ ಸಮೀಪದ ಆ ಮುದುಕನು ಬಂಡೆಯಿಂದ ಬಂಡೆಗೆ ಆಮೆಯಂತೆ ನಡೆದನು. ನಾವು ಬುತ್ತಿಯ ಗಂಟನ್ನೂ ಸೀರೆಯ ಗಂಟನ್ನೂ ಹೊತ್ತು ಏದುಸಿರು ಬಿಡುತ್ತ ಹಿಂಬಾಲಿಸಿದೆವು. ಕೆನಡಾದ ಕಾಡಿನ ಕನೂ ಹೊರುವವರ ವೃತ್ತಾಂತವನ್ನು ಎಷ್ಟೋ ವರ್ಷಗಳ ಮೇಲೆ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಕಾಲುಗಳೇ.

ಐಹೊಳೆಯ ರಾತ್ರಿ

ಮೊದಲನೆಯ ರಾತ್ರಿ ಐಹೊಳೆಯ ಹೊಳೆದಂಡೆಯ ಗುಡಿಗಳ ಬಳಿ ತಂಗಿದೆವು. ಐಹೊಳೆಯ ಗುಡಿಗಳಲ್ಲಿ ಹಿಂದೆ ಜನರು ಸಂಸಾರ ಹೂಡಿಕೊಂಡಿದ್ದುದು ವಾಚಕರಿಗೆ ತಿಳಿದಿರಬಹುದು. ಲಾಡಖಾನ ಗುಡಿಗೆ ಆ ಹೆಸರು ಬಂದುದೇ ಅಲ್ಲಿ ವಾಸವಾಗಿದ್ದ ಒಬ್ಬನಿಂದ. ಸಮೀಪದ ಮನೆಯ ಮುದುಕಿಯೊಬ್ಬಳು ನಮ್ಮ ಒಲೆಯ ಹೊಗೆಯನ್ನು ಕಂಡು ಸಜ್ಜಿ ರೊಟ್ಟಿ, ಪುಂಡಿಪಲ್ಯಗಳನ್ನು ತಂದುಕೊಟ್ಟಳು. ನನ್ನ ಗೆಳೆಯನು ಹಣ ಕೊಡಹೋದನು. ಆಕೆಯು, “ಯಪ್ಪಾ, ನಾ ಇಲ್ಲಿ ಅಂಗಡಿ ಇಟ್ಟೀನೇನು?” ಎಂದಳು. ಮಾತಿನಲ್ಲಿ ಸಿಟ್ಟಿರಲಿಲ್ಲ, ಆದರೆ ನಾವು ತಲೆತಗ್ಗಿಸಿದೆವು.

ಮೇಲಿನ ಗುಡ್ಡದ ಮೇಗುತಿ ಬಸದಿಯಲ್ಲಿ ಕ್ರಿ. ಶ. ೬೩೪ರ ರವಿಕೀರ್ತಿಯ ಶಾಸನವುಂಟು. ಎರಡನೆಯ ಪುಲಕೇಶಿಯು ಪಶ್ಚಿಮ ಸಮುದ್ರದ ಪುರಿಯೆಂಬ ನಗರವನ್ನು ನೂರಾರು ನೌಕೆಗಳಿಂದ ಮುತ್ತಿದುದನ್ನು ಅದು ಹೊಗಳುತ್ತದೆ. ಈ ಊರಿನ ಹೆಸರನ್ನೇ ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕ ಸಂಘದ ಉಲ್ಲೇಖವು ಸಮುದ್ರದಾಚೆಯ ಸುಮಾತ್ರದ ಬರೂಸಿನಲ್ಲಿ ದೊರೆತ ೧೦೮೮ರ ತಮಿಳು ಶಾಸನದಲ್ಲಿಯೂ ಇದೆ. ಕನ್ನಡಿಗರು ನೀರಿಗೆ ಅಂಜಿದವರಲ್ಲವೆಂದು ನಾವು ಎದೆಯುಬ್ಬಿಸಿ ಹೇಳಿಕೊಳ್ಳಬಹುದು. ಆದರೆ ಆ ರಾತ್ರಿ ಗುಡಿಯ ಕಟ್ಟೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದ ಅಜ್ಜನನ್ನು ನೋಡುತ್ತ ನನಗೆ ಹೊಳೆದುದೇನೆಂದರೆ, ಅರಸನ ನೌಕೆಗಳಿಗೆ ಶಾಸನವುಂಟು, ವರ್ತಕನ ಸರಕಿಗೆ ಶಾಸನವುಂಟು. ಆ ವರ್ತಕನ ಎತ್ತನ್ನೂ ಹೇರನ್ನೂ ಈ ಹೊಳೆ ದಾಟಿಸಿದವನಿಗೆ ಮಾತ್ರ ಯಾವ ಕಲ್ಲೂ ಮೀಸಲಾಗಲಿಲ್ಲ.

ಕತ್ತಲೆಯ ಕಡವು

ಎರಡನೆಯ ದಿನ ಗುಡ್ಡಗಳು ದೂರ ಸರಿದು ಎರೆಯ ಹೊಲಗಳು ಬಂದವು. ಹೊಳೆಯು ಅಗಲವಾಗಿ, ಆಲಸಿಯಾಗಿ, ತಿರುತಿರುಗಿ ನಡೆಯಿತು. ಹುಣಸೆಯ ಕೊಂಬೆಗಳಿಂದ ಗೀಜಗನ ಗೂಡುಗಳು ನೀರಿನ ಮೇಲೆ ತೂಗುತ್ತಿದ್ದುವು. ಒಂದು ಕಡವಿನಲ್ಲಿ ಅಮೀನಗಡದ ಸಂತೆಯಿಂದ ಬರುತ್ತಿದ್ದವರು ಅಜ್ಜನ ಗುರುತು ಹಿಡಿದು ನಮಗೂ ಕರದಂಟಿನ ತುಣುಕುಗಳನ್ನು ಹಂಚಿದರು.

ಸಂಜೆ ಮುಸುಕಿದ ಮೇಲೆ ಸಣ್ಣ ಊರೊಂದರ ಕಡವಿನಲ್ಲಿ ಹರಿಗೋಲನ್ನು ದಂಡೆಗೆ ಎಳೆದಿದ್ದೆವು. ಅಷ್ಟರಲ್ಲಿ ಕಂದೀಲು ಹಿಡಿದ ನಾಲ್ಕಾರು ಜನರು ಓಡಿಬಂದರು. ಹೆರಿಗೆಯ ನೋವಿನಿಂದ ಎರಡು ದಿನ ಬಳಲಿದ ಹೆಣ್ಣುಮಗಳೊಬ್ಬಳನ್ನು ಆಚೆಯ ದಂಡೆಗೆ ದಾಟಿಸಬೇಕು. ಅಲ್ಲಿ ಚಕ್ಕಡಿ ಕಾದಿದೆ. ಈ ಊರಿನ ಅಂಬಿಗನು ಬೀಗರ ಊರಿಗೆ ಹೋಗಿದ್ದಾನೆ. ಅಜ್ಜನು ಆ ಕಡವಿನವನಲ್ಲ. ಕತ್ತಲೆಯಲ್ಲಿ ಪರಸ್ಥಳದ ನೀರಿಗೆ ಇಳಿಯಬಾರದೆಂದು ಬೆಳಿಗ್ಗೆ ನಮಗೆ ಬುದ್ಧಿ ಹೇಳಿದವನು ಅವನೇ. ಆದರೂ ಅವನು ಒಂದು ಮಾತನ್ನೂ ಆಡಲಿಲ್ಲ. ಕೈಯಿಂದ ನೀರನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡು, “ಹುಲ್ಲ ಹಾಸ್ರಿ, ಮ್ಯಾಲ ಕೌದಿ ಹಾಕ್ರಿ” ಎಂದನು. ಹರಿಗೋಲಿನ ತಳಕ್ಕೆ ಹುಲ್ಲು ಹಾಸಿ, ಕೌದಿ ಹಾಕಿ, ಆಕೆಯನ್ನು ಮಲಗಿಸಿದರು. ಆಕೆಯ ತಾಯಿಯು ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಕಂದೀಲಿನ ಬೆಳಕು ಕಿರಿದಾಗುತ್ತ ಹೋಯಿತು. ಹುಟ್ಟಿನ ಸದ್ದೂ ಆ ಹೆಣ್ಣುಮಗಳ ನರಳಿಕೆಯೂ ಒಂದಾಗಿ ಕೇಳಿಸಿ, ಮೆಲ್ಲಗೆ ಅದೂ ನಿಂತಿತು.

ಅಜ್ಜನು ಮೂರು ಸಲ ಹೋಗಿಬಂದನು. ಕೊನೆಯ ಸಲ ದಾಟಿದವನು, ಆಕೆಯ ಗಂಡನೋ ಅಣ್ಣನೋ, ಎರಡು ರೂಪಾಯಿಯ ನೋಟನ್ನು ಮುಂದೆ ಹಿಡಿದನಂತೆ. “ಈ ದಾಟಿಗೆ ರೊಕ್ಕ ತಗೊಂಡ್ರ ಹುಟ್ಟು ಕೈಯಾಗ ನಿಂದ್ರಾಂಗಿಲ್ಲ” ಎಂದು ನಮಗೆ ಹೇಳಿ ಅಜ್ಜನು ಕಂಬಳಿ ಹೊದ್ದುಕೊಂಡನು. ಆ ತಾಯಿ ಉಳಿದಳೋ ಇಲ್ಲವೋ, ಹುಟ್ಟಿದ್ದು ಗಂಡೋ ಹೆಣ್ಣೋ ನಮಗೆ ತಿಳಿಯಲಿಲ್ಲ. ನಸುಕಿನಲ್ಲಿಯೇ ನಾವು ಮುಂದೆ ಹೊರಟಿದ್ದೆವು.

ಮೂರನೆಯ ದಿನ ಸೀಗಿ ಹುಣ್ಣಿಮೆ. ದಂಡೆಯ ಹೊಲಗಳಲ್ಲೆಲ್ಲ ಚರಗದ ಸಂಭ್ರಮ. ಫಲವತಿಯಾದ ಭೂಮಿಗೆ ಬಯಕೆಯ ಊಟವನ್ನಿಕ್ಕುವ ದಿನ. ಇಳಕಲ್ಲ ಸೀರೆಯುಟ್ಟ ಹೆಣ್ಣುಮಕ್ಕಳು ಹೊಲದ ನಡುವೆ ಸಾಲಾಗಿ ನಡೆಯುವುದು ದೂರದಿಂದಲೇ ಕಾಣುತ್ತಿತ್ತು. ಒಕ್ಕಲಿಗ ಕುಟುಂಬವೊಂದು ಕೈಬೀಸಿ ನಮ್ಮನ್ನು ಕರೆಯಿತು. ಕಡುಬು, ಎಣ್ಣೆಗಾಯಿ, ಮೊಸರು ಬುತ್ತಿಗಳನ್ನು ಬಡಿಸಿದ ಆ ಮನೆಯ ಯಜಮಾನನು ನಮ್ಮ ಊರು ಹೆಸರುಗಳನ್ನು ಕೇಳಿದ್ದು ಊಟ ಮುಗಿದ ಮೇಲೆ. ರಾತ್ರಿ ಬೆಳದಿಂಗಳಿನಲ್ಲಿ ಮಲಪ್ರಭೆಯು ಕೃಷ್ಣೆಯನ್ನು ಕೂಡುವಲ್ಲಿ ಸಂಗಮನಾಥನ ಗುಡಿಯನ್ನು ಕಂಡೆವು. ಅಜ್ಜನು ಹುಟ್ಟನ್ನು ಅಡ್ಡವಿಟ್ಟು ಕೈಮುಗಿದನು. ಬಸವಣ್ಣನವರು ಐಕ್ಯರಾದ ಆ ನೀರಿನ ಮೇಲೆ ಮಾತು ಬೇಕೆನಿಸಲಿಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಅಂಬಿಗರ ಚೌಡಯ್ಯನು ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತವಾಗಿ ಇಟ್ಟುಕೊಂಡವನು. ಹುಟ್ಟು ಹಿಡಿದವನಿಗೆ ಅಷ್ಟು ಎತ್ತರದ ದನಿಯಿದ್ದ ನಾಡು ನಮ್ಮದು ಎಂಬುದನ್ನು ನಾವು ಮರೆಯಬಾರದು.

ಮರುದಿನ ಹೊಸ ಹರಿಗೋಲು ಅಳಿಯನ ಕೈಸೇರಿತು. ಸೀರೆ ಅಕ್ಕನ ಕೈಸೇರಿತು. ಅಲ್ಲಿಂದ ಹುನಗುಂದದ ಮೇಲೆ ಹಾಯ್ದು ಇಳಕಲ್ಲಿಗೆ ಹೋಗಿ ಗೆಳೆಯನ ಮನೆಯಲ್ಲಿ ಎರಡು ದಿನ ನಿಂತೆನು. ಇಳಕಲ್ಲ ಸೀರೆಯಲ್ಲಿ ಮೈಯ ಹಾಸು ಬೇರೆ, ಸೆರಗಿನ ಕೆಂಪು ರೇಷ್ಮೆಯ ಹಾಸು ಬೇರೆ. ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುವರು. ಮಗ್ಗದ ಮುಂದೆ ಕುಳಿತಿದ್ದ ಗೆಳೆಯನ ತಾಯಿಯು ನಮ್ಮ ಪ್ರವಾಸದ ಕಥೆಯನ್ನೆಲ್ಲ ಕೇಳಿ, “ನಿಮ್ಮ ಅಂಬಿಗರಜ್ಜ ಕೊಂಡಿ ಇದ್ದಾಂಗ ಬಿಡ್ರಿ” ಎಂದಳು. ಹೊಳೆಯ ಎರಡು ದಂಡೆಗಳ ನಡುವೆ ಅವನು ಮಾಡುತ್ತಿದ್ದ ಕೆಲಸಕ್ಕೆ ಇದಕ್ಕಿಂತ ತಕ್ಕ ಹೆಸರನ್ನು ನಾನು ಈವರೆಗೂ ಕೇಳಿಲ್ಲ.

ನಿಂತ ನೀರು

ಆ ಪ್ರವಾಸದ ತರುವಾಯ ಹೊಳೆಗಳೇ ಬದಲಾದವು. ೧೯೭೦ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಮಲಪ್ರಭೆಯನ್ನು ಮೇಲೆಯೇ ತಡೆಯಿತು. ೧೯೮೨ರಲ್ಲಿ ಪೂರ್ಣಗೊಂಡ ನಾರಾಯಣಪುರದ ಬಸವಸಾಗರದ ಹಿನ್ನೀರು ಕೂಡಲಸಂಗಮಕ್ಕೆ ಬಂದಿತು. ಬಸವಣ್ಣನವರ ಐಕ್ಯಸ್ಥಳವನ್ನು ಆಳವಾದ ಬಾವಿಯಂತಹ ಕಟ್ಟಡದಿಂದ ಕಾಪಾಡಬೇಕಾಯಿತು. ಲಾಲಬಹಾದ್ದೂರ ಶಾಸ್ತ್ರಿಗಳು ೧೯೬೪ರಲ್ಲಿ ಅಡಿಗಲ್ಲನ್ನಿಟ್ಟ ಆಲಮಟ್ಟಿಯ ಜಲಾಶಯವು ೨೦೦೬ರಲ್ಲಿ ರಾಷ್ಟ್ರಪತಿ ಅಬ್ದುಲ ಕಲಾಮರಿಂದ ನಾಡಿಗೆ ಸಮರ್ಪಿತವಾಯಿತು. ಅದರ ಹಿನ್ನೀರು ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಜನರು ನವನಗರಕ್ಕೆ ಹೋದರು. ಬರಗಾಲದ ಬೇಗೆಯನ್ನು ತಲೆತಲಾಂತರದಿಂದ ಉಂಡ ಈ ಸೀಮೆಗೆ ನೀರು ಬೇಕಾಗಿತ್ತು. ಅಣೆಕಟ್ಟುಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಕತ್ತಲೆಯಲ್ಲಿ ಹೆರಿಗೆಯ ಹೆಣ್ಣನ್ನು ಬುಟ್ಟಿಯಲ್ಲಿ ಮಲಗಿಸಿ ದಾಟಿಸಿದುದನ್ನು ಕಣ್ಣಾರೆ ಕಂಡವನು ಸೇತುವೆಗಳು ಬೇಡವೆಂದು ಹೇಗೆ ಹೇಳಿಯಾನು?

ಆದರೆ ಲೆಕ್ಕದಲ್ಲಿ ಒಂದು ಬಾಬು ಬಿಟ್ಟುಹೋಗಿದೆ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳಲ್ಲಿಯೂ ಬಾದಾಮಿ, ಹುನಗುಂದ ತಾಲೂಕುಗಳ ಎಷ್ಟೋ ಹಳ್ಳಿಗಳಲ್ಲಿಯೂ ನೀರು ನಿಂತಿತು. ೨೦೦೯ರಲ್ಲಿಯೂ ಈ ಸೀಮೆಯು ಮಹಾಪೂರವನ್ನು ಕಂಡಿತ್ತು. ಆ ವರ್ಷ, ಎಂದರೆ ೨೦೧೯ರ ಕೊನೆಗೆ, ನಾನು ಸಂಗಮದ ಕಡೆಗೆ ಹೋಗಿ ಆ ಹೊಸ ಹರಿಗೋಲನ್ನು ಪಡೆದಿದ್ದ ಅಳಿಯನನ್ನು ಹುಡುಕಿದೆನು. ಪುನರ್ವಸತಿಯ ಊರಿನ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ ಅವನೂ ಈಗ ಮಾವನಷ್ಟೇ ಮುದುಕನಾಗಿದ್ದನು. “ಹೊಲ ಇದ್ದವರಿಗೆ ಹೊಲದ ರೊಕ್ಕ ಬಂತ್ರಿ, ಮನಿ ಇದ್ದವರಿಗೆ ಮನಿ ರೊಕ್ಕ ಬಂತು. ನಮಗ ಹೊಳೀನ ಹೊಲ ಆಗಿತ್ತು. ಅದನ್ನ ಯಾ ಪಟ್ಟಿಯಾಗ ಬರಸೂದು?” ಎಂದನು. ಮೊಮ್ಮಗನು ಇಳಕಲ್ಲಿನ ಕಲ್ಲಿನ ಕ್ವಾರಿಯಲ್ಲಿ ದುಡಿಯುತ್ತಾನೆ. ಬಿಡುವಿನಲ್ಲಿ ಹಿನ್ನೀರಿನಲ್ಲಿ ಬಲೆ ಬೀಸುತ್ತಾನೆ. ಪೂರ ಬಂದಾಗ ಆ ಹುಡುಗನೇ ಹರಿಗೋಲನ್ನು ಹೊರತೆಗೆದು, ಮಾಳಿಗೆಯ ಮೇಲೆ ಸಿಕ್ಕಿಬಿದ್ದವರನ್ನು ಇಳಿಸಿದನಂತೆ. ಎಷ್ಟು ಜನ ಎಂದು ಕೇಳಿದೆನು. “ಎಣಿಸಿಲ್ರಿ” ಎಂದನು.

೨೦೧೦ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ಆಲಮಟ್ಟಿಯಲ್ಲಿ ೫೧೯.೬ ಮೀಟರಿಗೆ ಬದಲಾಗಿ ೫೨೪.೨೫೬ ಮೀಟರು ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿಯನ್ನಿತ್ತಿತು. ಆ ಮಟ್ಟಕ್ಕೆ ನೀರು ಏರಿದ ದಿನ ಮತ್ತಷ್ಟು ದಂಡೆಗಳೂ ಕಡವುಗಳೂ ಮುಳುಗುವುವು. ಹೊಲವನ್ನು ಅಳೆಯುವ ಸರಪಳಿಯುಂಟು, ಮನೆಗೆ ಬೆಲೆಕಟ್ಟುವ ಪದ್ಧತಿಯುಂಟು. ಹೊಳೆಯನ್ನು ಬಲ್ಲವನ ಅರಿವಿಗೂ ಒಂದು ಪಟ್ಟಿ ಬೇಕು. ಪ್ರತಿಯೊಂದು ಹಳೆಯ ಕಡವಿನ ಹೆಸರು, ಅಲ್ಲಿಯ ಬಂಡೆ ಮಡುಗಳ ಹೆಸರು, ಪೂರದ ಗುರುತುಗಳು ಇವನ್ನು ಬದುಕಿರುವ ವೃದ್ಧ ಅಂಬಿಗರ ಬಾಯಿಂದ ಕೇಳಿ ಬರೆದುಕೊಳ್ಳಬೇಕು. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉತ್ತಮವಾದ ರಜೆಯ ಕೆಲಸವಿಲ್ಲ. ಹೊಳೆಸಾಲಿನ ಪ್ರತಿಯೊಂದು ಊರಿನಲ್ಲಿಯೂ ಹುಟ್ಟು ಹಾಕಬಲ್ಲ ತರುಣರನ್ನು ಗುರುತಿಸಿ, ಮಳೆಗಾಲದ ತಿಂಗಳುಗಳಲ್ಲಿ ಅವರಿಗೆ ಸಂಬಳವನ್ನೂ ಜೀವರಕ್ಷಕ ಅಂಗಿಗಳನ್ನೂ ಗಟ್ಟಿಯಾದ ಹರಿಗೋಲುಗಳನ್ನೂ ಒದಗಿಸಬೇಕು. ಪೂರ ಬಂದಾಗ ಮೊದಲು ಕೈಗೆ ಸಿಗುವ ದೋಣಿಯು ದೂರದ ಊರಿನಿಂದ ಬರುವ ದೋಣಿಯಲ್ಲ. ಮನೆಯ ಹಿಂದೆ ಬೋರಲಾಗಿ ಬಿದ್ದಿರುವ ದೋಣಿ.

ಇದು ಉಪಕಾರದ ಮಾತಲ್ಲ, ಋಣದ ಮಾತು. ಹೆಸರಿಲ್ಲದ ಆ ಕಡವಿನಲ್ಲಿ ಕತ್ತಲೆಯ ನೀರಿಗೆ ಕೈಮುಟ್ಟಿಸಿ ಹಣೆಗೆ ಹಚ್ಚಿಕೊಂಡ ಮುದುಕನು ತನ್ನ ದಾಟಿಗೆ ಬೆಲೆಯನ್ನು ಕೇಳಲಿಲ್ಲ. ಅವನ ಮೊಮ್ಮಕ್ಕಳೂ ಕೇಳುವವರಲ್ಲ. ಅವರು ಕೇಳುವುದಿಲ್ಲವೆಂಬುದೇ ನಾವು ಕೊಡದಿರುವುದಕ್ಕೆ ಕಾರಣವಾಗಬಾರದು.